ಹೊಗೆಯಮ್ಮನ ಹೊಟ್ಟೆಕಿಚ್ಚು

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಯಾರ್‌ನ ಕಡಲದಡದಲ್ಲಿ, ಮೀನು ಸುಡುವ ಬಯಲಿನಲ್ಲಿ ಪೆಂದಾ ಎಂಬೆಂಗ್ ಸೊಂಟ ಬಗ್ಗಿಸಿ, ಮರಳ ಮೇಲೆ ಒತ್ತೊತ್ತಾಗಿ ಹಾಸಿದ ಬೂತಾಯಿ ಮೀನಿನ ಮೇಲೆ ಒಣಹುಲ್ಲು ಹರಡುತ್ತಿದ್ದಾಳೆ. ಕಡ್ಡಿ ಗೀರಿ ಹುಲ್ಲಿನ ಅಂಚಿಗೆ ಹಿಡಿಯುತ್ತಾಳೆ, ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಹೊಗೆ ಮೊದಲು ಹಳದಿಯಾಗಿ ಏಳುತ್ತದೆ, ಆಮೇಲೆ ಎದುರಿಗಿದ್ದವರ ಮುಖ ಕಾಣದಷ್ಟು ದಟ್ಟವಾಗುತ್ತದೆ. ಪೆಂದಾ ಕಣ್ಣನ್ನೂ ಮುಚ್ಚುವುದಿಲ್ಲ, ಮೂಗಿಗೆ ಬಟ್ಟೆಯನ್ನೂ ಕಟ್ಟುವುದಿಲ್ಲ. ಮದುವೆಗೆ ಮುಂಚಿನಿಂದ ಈ ಹೊಗೆಯಲ್ಲೇ ಇದ್ದವಳು.

ಪಕ್ಕದಲ್ಲಿ ಉಳಿದ ಹೆಂಗಸರು ನಿನ್ನೆ ಸುಟ್ಟು ಆರಲು ಬಿಟ್ಟ ಮೀನಿನ ಸಿಪ್ಪೆ ಸುಲಿಯುತ್ತಿದ್ದಾರೆ. ಅಷ್ಟರಲ್ಲಿ ಡಾಕಾರ್‌ಗೆ ಹೊರಟ ಮೊದಲ ವ್ಯಾನು ರಸ್ತೆಯಲ್ಲಿ ಹಾದುಹೋಗುತ್ತದೆ. ಅದರ ಸ್ಪೀಕರಿನಲ್ಲಿ ಆ ಹಾಡು. ಮೊದಲು ಎದೆಗೆ ಗುದ್ದಿದಂಥ ಡ್ರಮ್ಮು, ನಂತರ ಹುಡುಗನ ರ್‍ಯಾಪು, ಅದರ ನಡುವೆ ತೂರಿಕೊಂಡು ಒಬ್ಬ ಹೆಂಗಸಿನ ಚೂಪು ಗಂಟಲು:

ಹೊಗೆಯಮ್ಮ ಹೊಗೆಯಮ್ಮ, ಬಾಗ್ಲು ಹಾಕ್ಕೊಂಡ್ಬಿಡೆ,
ನಿನ್ನ ಗಂಡ ಕೆಮ್ಮಿಕೊಂಡು ಬಂದ ನನ್ನ ಕಡೆ!
ಸೋಪು ಸಾಲದಮ್ಮ, ಸಮುದ್ರಾನೂ ಸಾಲದಮ್ಮ,
ಮೀನು ನಾರೋ ಕೋಣೆಗೆ ಧೂಪ ಯಾಕಮ್ಮ?

ಸುಲಿಯುವ ಕೈಗಳು ತಮಗೆ ಗೊತ್ತಿಲ್ಲದೆ ಆ ತಾಳಕ್ಕೆ ಬೀಳುತ್ತವೆ. ಪೆಂದಾ ತಿರುಗಿ ನೋಡುತ್ತಾಳೆ.

"ಯಾರೇ ಅದು ತಾಳ ಹಾಕ್ತಿರೋದು? ಮಾರೆಮ್, ನಿನ್ನ ಕೈಗಿಷ್ಟು ಮಣ್ಣು ಹಾಕ! ಮೀನು ಸುಲಿ ಅಂದ್ರೆ ನನ್ನ ಸವತಿ ಹಾಡಿಗೆ ಕುಣೀತೀಯಾ?"

"ನಾನೆಲ್ಲಿ ಕುಣಿದೆ ಅಕ್ಕಾ? ಕೈ ತಾನಾಗೇ ಹೋಯ್ತು."

"ತಾನಾಗೇ ಹೋಗೋ ಕೈನ ಈ ಬೆಂಕಿಗೆ ಹಾಕು, ಬುದ್ಧಿ ಬರುತ್ತೆ."

ಬಯಲೆಲ್ಲ ಗೊಳ್ಳೆಂದು ನಗುತ್ತದೆ. ಪೆಂದಾ ನಗುವುದಿಲ್ಲ. ಹಾಡಿನ ಹೊಗೆಯಮ್ಮ ಬೇರೆ ಯಾರೂ ಅಲ್ಲ, ಇವಳೇ. ಹಾಡಿದವಳು ಸೆಲ್ಬೆ, ಇವಳ ಗಂಡನ ಎರಡನೆಯ ಹೆಂಡತಿ. ಕೆಮ್ಮಿದವನು ದೋಣಿಯ ನಾಯಕ ಬಿರಾಮ್, ಇಬ್ಬರಿಗೂ ಗಂಡ. ಮೂವರೂ ಒಂದೇ ಅಂಗಳದಲ್ಲಿ ಇರುತ್ತಾರೆ.

ಡಾಕಾರ್‌ನಲ್ಲಿ ಮೀನಿನ ಅನ್ನ ಉಣ್ಣುವವರು, ಗಡಿಯಾಚೆ ಒಣಮೀನಿನ ಸಾರಿಗೆ ಬಾಯಿ ಚಪ್ಪರಿಸುವವರು ಪೆಂದಾಳ ಹೆಸರು ಕೇಳಿಲ್ಲ. ಸುಡುವುದು, ಸುಲಿಯುವುದು, ಉಪ್ಪು ಹಚ್ಚುವುದು, ಚಾಪೆಯ ಮೇಲೆ ಬಿಸಿಲಿಗೆ ಹರವುವುದು, ಮಳೆಯ ಮೋಡ ಕಂಡರೆ ಬಿದ್ದೆದ್ದು ಓಡಿ ಎತ್ತುವುದು, ಇವೆಲ್ಲ ಅವಳ ದಿನಚರಿ. ಬೆರಳ ತುದಿಗಳು ಸುಟ್ಟೂ ಸುಟ್ಟೂ ನುಣ್ಣಗಾಗಿವೆ. ಕಣ್ಣು ಸದಾ ಕೆಂಪು. ಈಚೆಗೆ ದೋಣಿ ದಡ ಮುಟ್ಟುವ ಮೊದಲೇ ಮೀನಿನ ಪುಡಿ ಮಾಡುವ ಕಾರ್ಖಾನೆಗಳ ಲಾರಿಗಳು ಬಂದು ನಿಂತಿರುತ್ತವೆ. ಉಳಿದ ಮೀನಿಗಾಗಿ ಹೆಂಗಸರು ಸೊಂಟದಷ್ಟು ನೀರಿಗಿಳಿದು ಜಗಳವಾಡಬೇಕು. ಜಗಳದಲ್ಲಿ ಪೆಂದಾ ಸೋತದ್ದು ಕಡಿಮೆ.

"ಬಾಯಿ ಇದ್ದೋಳು ಬದುಕ್ತಾಳೆ ಇಲ್ಲಿ," ಎನ್ನುತ್ತಾಳೆ. "ನನ್ನ ಬಾಯಿ ಅಂದ್ರೆ ಈ ದಡದಲ್ಲಿ ಹೆದರದೇ ಇರೋರು ಯಾರಿದ್ರು? ಆ ನನ್ನ ಸವತೀನೇ ಹೆದರ್ತಿದ್ಲು."

ಅದು ಸುಳ್ಳಲ್ಲ. ನಾಮಕರಣ, ಮದುವೆಗಳಲ್ಲಿ ಮೂದಲಿಕೆ ಪದ ಹಾಕುವುದರಲ್ಲಿ ಕಯಾರ್‌ನಲ್ಲಿ ಈ ಸವತಿಯರದು ಹೆಸರಾದ ಜೋಡಿ. ಹೆಂಗಸರು ಸುತ್ತ ಕೂತು ನೀರಿನ ಬೋಗುಣಿಯ ಮೇಲೆ ಸೋರೆಬುರುಡೆ ಕವುಚಿ ಬಡಿಯುತ್ತಾರೆ. ಒಬ್ಬಳು ಕಣಕ್ಕಿಳಿದು ಪದ ಎಸೆಯುತ್ತಾಳೆ, ಬುರುಡೆ ನಿಲ್ಲುತ್ತದೆ, ಇನ್ನೊಬ್ಬಳು ಜವಾಬು ಕೊಡುತ್ತಾಳೆ. ಮನೆಯಲ್ಲಿ ಮಾತು ಬಿಟ್ಟವರೂ ಕಣದಲ್ಲಿ ಮಾತಾಡಲೇಬೇಕು. ಇವರಿಬ್ಬರ ಜಟಾಪಟಿ ನೋಡಲೆಂದೇ ಜನ ಕರೆಯದ ಮನೆಗೂ ಬರುತ್ತಿದ್ದರು. ನಾಮಕರಣಕ್ಕೆ ಬಂದವರಿಗೆ ಬಡಿಸಿದ, ಹುಳಿ ಮೊಸರು ಸುರಿದ ಸಜ್ಜೆ ಗಂಜಿ ಆರಿ ತಣ್ಣಗಾದರೂ ಯಾರಿಗೂ ಅದರ ನೆನಪಿರುತ್ತಿರಲಿಲ್ಲ.

ಕಳೆದ ವರ್ಷ ಮೀನುಗಾರ ಹುಡುಗನೊಬ್ಬನ ಕತೆಯ ಸಿನಿಮಾ ತೆಗೆಯಲು ಡಾಕಾರ್‌ನಿಂದ ತಂಡ ಬಂತು. ಅದರ ಹಾಡಿನ ಹೊಣೆ ಡಾಕಾರ್ ಪಕ್ಕದ ಪಿಕಿನ್‌ನ ರ್‍ಯಾಪ್ ಗಾಯಕ ಮಾಗತ್‌ನದು. ಬಿರಾಮನ ತಮ್ಮನ ಮಗುವಿಗೆ ಹೆಸರಿಡುವ ದಿನ ಅವನೂ ಗಂಜಿಗೆ ಬಂದಿದ್ದ, ಕೈಯಲ್ಲಿ ಫೋನು. ಸೆಲ್ಬೆ ಕಣಕ್ಕಿಳಿದು ಹೊಗೆಯಮ್ಮನ ಪದ ಎಸೆದಳು. ಬುರುಡೆಯ ಸದ್ದು ಅಡಗುವ ಮೊದಲೇ ಪೆಂದಾಳ ನಾಲಿಗೆಯ ತುದಿಗೆ ಜವಾಬು ಬಂದು ಕೂತಿತ್ತು. ಆದರೆ ಅವಳು ಬಾಯಿ ಬಿಡಲಿಲ್ಲ.

ಯಾಕೆ? ಕೇಳಿದರೆ ಈಗಲೂ ಹಣೆ ಹಣೆ ಬಡಿದುಕೊಳ್ಳುತ್ತಾಳೆ.

"ದುರಾಸೆ! ಇನ್ನೇನು? ಅಂಥಾ ಒಳ್ಳೇ ಜವಾಬು ಈ ಸಣ್ಣ ಅಂಗಳದಲ್ಲಿ ಯಾಕೆ ಖರ್ಚು ಮಾಡ್ಲಿ ಅಂತ. ಮುಂದಿನ ತಿಂಗಳು ನನ್ನ ಮೊಮ್ಮಗಳ ಹೆಸರಿಡೋ ದಿನ ಇತ್ತು, ಸುತ್ತಲ ಊರೋರೆಲ್ಲ ಬರೋರು. ಅವತ್ತು ಎಲ್ರ ಎದುರಿಗೆ ಇವಳ ಮುಖಕ್ಕೆ ಮಸಿ ಬಳಿಯೋಣ ಅಂತ ನುಂಗ್ಕೊಂಡೆ."

ಜವಾಬನ್ನು ದೊಡ್ಡ ಕಣಕ್ಕೆ ಕಾದಿಡುವುದು ಇಲ್ಲಿ ತಪ್ಪಲ್ಲ, ಜಾಣತನ. ಆದರೆ ಸೆಲ್ಬೆಯ ಪದವನ್ನು ಹಿಡಿದಿಟ್ಟುಕೊಂಡಿದ್ದ ಮಾಗತ್‌ನ ಫೋನು ಕಾಯಲಿಲ್ಲ. ಮೊಮ್ಮಗಳ ನಾಮಕರಣದ ಹೊತ್ತಿಗೆ ಸೆಲ್ಬೆ ಡಾಕಾರ್‌ನ ಸ್ಟುಡಿಯೋದಲ್ಲಿದ್ದಳು. ಎದುರಾಳಿ ಕಣದಲ್ಲಿ ಇಲ್ಲದಾಗ ಜವಾಬು ಕೊಟ್ಟರೆ ಅದು ಪದವಲ್ಲ, ಚಾಡಿ. ಪೆಂದಾ ಅಂಥವಳಲ್ಲ. ಹಾಗಾಗಿ ನುಂಗಿದ್ದು ನುಂಗಿದಂತೆಯೇ ಉಳಿಯಿತು.

ಸಿನಿಮಾವನ್ನು ನೋಡಿದವರು ಎಷ್ಟು ಮಂದಿಯೋ, ಹಾಡನ್ನು ಕೇಳದವರು ಮಾತ್ರ ದೇಶದಲ್ಲಿ ಉಳಿದಿಲ್ಲ. ವ್ಯಾನುಗಳಲ್ಲಿ, ಕುಸ್ತಿಯ ಅಖಾಡದಲ್ಲಿ, ಕ್ಷೌರದಂಗಡಿಯಲ್ಲಿ, ಸಂಜೆಯ ಚಹಾ ಕುದಿಯುವ ಕಟ್ಟೆಗಳಲ್ಲಿ ಹೊಗೆಯಮ್ಮನೇ. ಶಾಲೆಗೆ ಹೋಗುವ ಮಕ್ಕಳು ಪೆಂದಾ ಎದುರಾದರೆ ಬೇಕೆಂದೇ ಕೆಮ್ಮುತ್ತವೆ. ಸೆಲ್ಬೆ ಟೀವಿಯಲ್ಲಿ ಕಾಣಿಸಿಕೊಂಡಿದ್ದಾಳೆ, ಹೊಳೆಯುವ ಬೂಬು ನಿಲುವಂಗಿ ತೊಟ್ಟು ವೇದಿಕೆ ಏರಿದ್ದಾಳೆ. ಅಪರಿಚಿತರು ಅಂಗಳಕ್ಕೆ ಬಂದು ಅವಳ ಜೊತೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಫೋಟೋ ತೆಗೆದುಕೊಡಲು ಫೋನು ಪೆಂದಾಳ ಕೈಗೇ ಬರುತ್ತದೆ.

"ಹೊಟ್ಟೆಕಿಚ್ಚು ಅಂತಾರೆ. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡೋದೇನಿದೆ?" ಎಂದು ಪೆಂದಾ ಮೀನಿಗೆ ಉಪ್ಪು ಎರಚುತ್ತ ಹೇಳುತ್ತಾಳೆ. "ಬಟ್ಟೆಗಲ್ಲ. ಬಟ್ಟೆ ಸುಟ್ಟೋಗ್ಲಿ. ನಾನು ನಾರ್ತೀನಿ ಅಂದಿದ್ದಕ್ಕೂ ಅಲ್ಲ. ನಾರ್ತೀನಿ, ನಿಜ. ಆದ್ರೆ ಅವಳ ಪದ ಚೆನ್ನಾಗಿದೆ ನೋಡು, ಅದಕ್ಕೆ ಉರಿಯುತ್ತೆ. ಕೆಟ್ಟದಾಗಿದ್ರೆ ನಿದ್ದೆ ಬರ್ತಿತ್ತು. 'ಸಮುದ್ರಾನೂ ಸಾಲದಮ್ಮ' ಅಂತೆ! ಅದು ನನಗೆ ಯಾಕೆ ಹೊಳೀಲಿಲ್ಲ?"

ಇನ್ನೊಂದು ಸಂಕಟವೂ ಇದೆ. ಅದನ್ನು ದನಿ ತಗ್ಗಿಸಿ ಹೇಳುತ್ತಾಳೆ. "ಜವಾಬಿಲ್ಲದೆ ಬಾಯಿ ಮುಚ್ಕೊಂಡೋಳು ಅಂತ ದೇಶವೆಲ್ಲ ತಿಳ್ಕೊಂಡಿದೆ. ನನ್ನ ಹತ್ರ ಇದೆ ಅಂತ ಯಾರಿಗೆ ಗೊತ್ತು?"

ಸೆಲ್ಬೆಯನ್ನು ಮಾತಾಡಿಸಿದರೆ ಅವಳು ಗಂಡ ಬರುವ ಹೊತ್ತಿಗೆಂದು ಕೋಣೆಯಲ್ಲಿ ಧೂಪಕ್ಕೆ ಕೆಂಡ ಹಾಕುತ್ತ ನಗುತ್ತಾಳೆ. ಜೊವಾಲ್ ಊರಿನ ಕಡೆಯ ಸೆರೇರ್ ಜನಾಂಗದ ಹೆಣ್ಣು, ಮಾತು ಮೆತ್ತಗೆ, ಆದರೆ ಕೊನೆಯಲ್ಲಿ ಒಂದು ಮುಳ್ಳು ಇದ್ದೇ ಇರುತ್ತದೆ. "ನಾನೇನು ತಪ್ಪಿಸ್ಕೊಂಡು ಓಡಾಡ್ತಿಲ್ಲ. ಪ್ರೋಗ್ರಾಂ ಮೇಲೆ ಪ್ರೋಗ್ರಾಂ ಇರುತ್ತೆ. ಅಕ್ಕಂಗೆ ಜವಾಬು ಇದ್ರೆ ಕೊಡ್ಲಿ. ಇದ್ರೆ!"

ಇಬ್ಬರ ನಡುವೆ ಸಿಕ್ಕಿಕೊಂಡ ಬಿರಾಮ್ ಬಲೆ ಹೆಣೆಯುತ್ತ ಗೊಣಗುತ್ತಾನೆ. "ಹಾಡು ಬಂದಾಗಿನಿಂದ ನಂಗೆ ನೆಗಡಿ ಆದ್ರೂ ಕೆಮ್ಮೋ ಹಾಗಿಲ್ಲ. ದೋಣಿ ಹುಡುಗ್ರು ಸಾಲು ಮುಂದುವರೆಸ್ತಾರೆ."

ಶನಿವಾರ ಸಂಜೆ ಕಯಾರ್‌ನ ದಡದಲ್ಲೇ ಸಿನಿಮಾದ ಬಯಲು ಪ್ರದರ್ಶನ. ಅದಕ್ಕೆ ಮೊದಲು ಹಾಡು, ಸೆಲ್ಬೆ ಮತ್ತು ಮಾಗತ್ ಜೊತೆಯಾಗಿ. ವೇದಿಕೆ ಕಟ್ಟಿಲ್ಲ, ಮರಳಿನಲ್ಲಿ ಬಿಟ್ಟ ದುಂಡನೆಯ ಜಾಗವಷ್ಟೆ. ಅಂದರೆ ಅದು ಕಣವೇ. ಪೆಂದಾಳಿಗೆ ಅಷ್ಟು ಸಾಕು. ಬಯಲಿನಿಂದ ಬೇಗ ಹೊರಟು ಮೈ ಉಜ್ಜಿ ಉಜ್ಜಿ ಸ್ನಾನ ಮಾಡುತ್ತಾಳೆ. ನೀಲಿ ಬೂಬು ತೊಡುತ್ತಾಳೆ. ಮೂಸಿ ನೋಡಿಕೊಂಡು, "ಥೂ, ಇನ್ನೂ ಇದೆ," ಎನ್ನುತ್ತಾಳೆ. ಇಂದೂ ಬಾಯಿ ತೆರೆಯಲು ಆಗದಿದ್ದರೆ ಸಾಯುವವರೆಗೂ ಅವಳು ಹಾಡಿನ ಹೊಗೆಯಮ್ಮನೇ, ಪೆಂದಾ ಅಲ್ಲ.

ದಡದಲ್ಲಿ ಊರಿಗೆ ಊರೇ ನೆರೆದಿದೆ. ಡ್ರಮ್ಮು ಶುರುವಾಗುತ್ತದೆ, ಸೆಲ್ಬೆ ಪದ ಎಸೆಯುತ್ತಾಳೆ, ಜನವೆಲ್ಲ ಒಂದೇ ಗಂಟಲಿನಲ್ಲಿ ಕೂಗುತ್ತಾರೆ. ಪೆಂದಾ ಸೊಂಟಕ್ಕೆ ಬಟ್ಟೆ ಬಿಗಿದು ಕಣಕ್ಕಿಳಿದು ನಿಲ್ಲುತ್ತಾಳೆ. ಬುರುಡೆಯಾಗಿದ್ದರೆ ಆಗಲೇ ನಿಂತಿರುತ್ತಿತ್ತು. ಆದರೆ ಇದು ಮಾಗತ್‌ನ ಫೋನಿನಿಂದ ಬರುವ ಸಂಗೀತ, ಅದಕ್ಕೆ ನಿಲ್ಲುವುದು ಗೊತ್ತಿಲ್ಲ. ಪೆಂದಾ ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಸ್ಪೀಕರುಗಳ ಎದುರು ಅವಳ ದನಿ ಅವಳಿಗೇ ಕೇಳುವುದಿಲ್ಲ. ಹಿಂದಿನಿಂದ ಯಾರೋ ಕೆಮ್ಮುತ್ತಾರೆ, ನಗು ಏಳುತ್ತದೆ. ಅವಳ ಕೆಂಪು ಕಣ್ಣಿನಲ್ಲಿ ನೀರು ಬಂದಿದೆ, ಇಲ್ಲಿ ಹೊಗೆಯಿಲ್ಲ.

ಆಗ ಸೆಲ್ಬೆ ಮೈಕಿನಲ್ಲಿ ಗದರುತ್ತಾಳೆ.

"ನಿಲ್ಸೋ ಅದನ್ನ! ಅಕ್ಕ ಕಣಕ್ಕೆ ಬಂದಿದ್ದಾಳೆ, ಕಾಣಲ್ವಾ?"

"ಹಾಡು ಮುಗೀಲಿ ಅಮ್ಮಾ," ಎನ್ನುತ್ತಾನೆ ಮಾಗತ್.

"ಮುಗಿಯೋದು ಹೇಗೋ? ಅರ್ಧ ಹಾಡು ಅವಳ ಹತ್ರ ಇದೆ."

ಮಾಗತ್ ಗಾಬರಿಯಲ್ಲಿ ವೈರು ಕಿತ್ತುಬಿಡುತ್ತಾನೆ. ದಡ ಒಮ್ಮೆಲೇ ನಿಶ್ಶಬ್ದವಾಗಿ, ಅಲೆಗಳ ಸದ್ದು ಕೇಳಿಸುತ್ತದೆ. ಸೆಲ್ಬೆ ಮೈಕನ್ನು ಚಾಚುತ್ತಾಳೆ. ಪೆಂದಾ ಅದನ್ನು ಮುಟ್ಟುವುದಿಲ್ಲ. ದಡದ ಜಗಳಗಳಲ್ಲಿ ಪಳಗಿದ ಗಂಟಲಿನಲ್ಲೇ ಎಸೆಯುತ್ತಾಳೆ:

ಕೆಮ್ಮಿಕೊಂಡು ಬಂದೋನ್ನ ಕೇಳ್ದೆಯೇನೆ ತಂಗಿ,
ಉಂಡು ಬಂದ್ಯಾ, ಹಸ್ಕೊಂಡ್ ಬಂದ್ಯಾ, ಯಾರ ಮನೆ ಗಂಜಿ?
ನಿನ್ನ ಧೂಪ ಮೂಗಿಗೆ, ನನ್ನ ಮೀನು ಬಾಯಿಗೆ,
ಮೂಗು ತುಂಬಿ ಮಲಗಿದೋನು ಎದ್ದು ಬಂದ ನನ್ನ ಬಾಗ್ಲಿಗೆ!

ಮುಂದಿನ ಸಾಲಿನ ಹೆಂಗಸರು ಮೆಚ್ಚಿ ಕಿರುಚಿಕೊಂಡು ತಲೆಯ ವಸ್ತ್ರ ಕಿತ್ತು ಅವಳ ಕಾಲಬಳಿ ಎಸೆಯುತ್ತಾರೆ. ಮಾರೆಮ್ ಅಂತೂ ಮರಳಿನಲ್ಲಿ ಬಿದ್ದು ಹೊರಳಾಡುತ್ತಾಳೆ. ಹಿಂದಿನವರು "ಏನಂದ್ಲು, ಏನಂದ್ಲು?" ಎನ್ನುತ್ತಾರೆ. ಪದ ಬಾಯಿಂದ ಬಾಯಿಗೆ ಹಿಂದಕ್ಕೆ ಸಾಗುತ್ತದೆ, ನಗು ತಡವಾಗಿ ದೋಣಿಗಳವರೆಗೂ ತಲುಪುತ್ತದೆ. ಅಲ್ಲೆಲ್ಲೋ ಕೂತಿದ್ದ ಬಿರಾಮ್ ಟೋಪಿಯನ್ನು ಮುಖಕ್ಕೆಳೆದುಕೊಳ್ಳುತ್ತಾನೆ. ಎಲ್ಲರೂ ಸೆಲ್ಬೆಯ ಕಡೆ ನೋಡುತ್ತಾರೆ. ಸೆಲ್ಬೆ ಮೈಕನ್ನು ಬಾಯಿಯ ಹತ್ತಿರ ತರುತ್ತಾಳೆ, ಮತ್ತೆ ಕೆಳಗಿಳಿಸುತ್ತಾಳೆ.

ಮಾಗತ್ ಓಡಿ ಬರುತ್ತಾನೆ. "ಅಮ್ಮಾ, ವೈರು ಕೀಳೋ ಗಡಿಬಿಡೀಲಿ ರೆಕಾರ್ಡ್ ಒತ್ಲೇ ಇಲ್ಲ. ಇನ್ನೊಂದ್ಸಲ ಹೇಳಿ. ಹಾಡಿಗೆ ಸೇರಿಸ್ತೀನಿ, ದೇಶವೆಲ್ಲ ಕೇಳುತ್ತೆ."

ಪೆಂದಾ ಫೋನನ್ನು ನೋಡುತ್ತಾಳೆ. ವರ್ಷವೆಲ್ಲ ಕನವರಿಸಿದ್ದು ಇದನ್ನೇ. ತುಟಿಗಳು ಅಲ್ಲಾಡುತ್ತವೆ. ಅವಳು ಸೆಲ್ಬೆಯ ಕಡೆ ನೋಡುತ್ತಾಳೆ, ಮತ್ತೆ ಫೋನಿನ ಕಡೆ. ಎದುರಾಳಿ ಜವಾಬು ಕೊಡುವ ಮೊದಲು ಅದೇ ಪದವನ್ನು ಎರಡನೇ ಸಲ ಹೇಳಿದರೆ ಎದುರಾಳಿಗೆ ಬಿಡುಗಡೆ. ಅವಳು ಜವಾಬು ಕೊಡಬೇಕಾಗಿಲ್ಲ. ಇದು ಕಣದ ಕಟ್ಟಳೆ, ಚಿಕ್ಕ ಹುಡುಗಿಯರಿಗೂ ಗೊತ್ತು.

"ಹೋಗೋ," ಎನ್ನುತ್ತಾಳೆ ಪೆಂದಾ ಕೊನೆಗೆ. "ಅವಳನ್ನ ಅಷ್ಟು ಸುಲಭಕ್ಕೆ ಬಿಡ್ತೀನಾ?"

ಭಾನುವಾರ ಬೆಳಗ್ಗೆ ಬಯಲಿನಲ್ಲಿ ಮತ್ತೆ ಹುಲ್ಲು, ಮತ್ತೆ ಬೆಂಕಿ. ವ್ಯಾನು ಹಾದುಹೋಗುತ್ತದೆ, ಅದರಲ್ಲಿ ಅದೇ ಅರ್ಧ ಹಾಡು. ಹೆಂಗಸರು ಅದು ಮುಗಿಯುವುದನ್ನೇ ಕಾದು ಉಳಿದರ್ಧವನ್ನು ತಾವೇ ಹಾಡಿಕೊಳ್ಳುತ್ತಾರೆ. ಪೆಂದಾ ಗದರುವುದಿಲ್ಲ. ಸೆಲ್ಬೆಯ ಕೋಣೆಯಲ್ಲಿ ಇವತ್ತು ಧೂಪದ ವಾಸನೆಯಿಲ್ಲ, ಅವಳು ಬೆಳಗಿನಿಂದ ಗೋಡೆ ನೋಡುತ್ತ ಏನೋ ಮಣಮಣಿಸುತ್ತಿದ್ದಾಳೆ ಎಂದು ಬಿರಾಮ್ ಬಂದು ಹೇಳಿ ಹೋಗಿದ್ದಾನೆ. ಪೆಂದಾಳಿಗೆ ಅದು ಸಕ್ಕರೆ ತಿಂದಷ್ಟು ಹಿತವಾಗಿದೆ.

"ಉರೀಲಿ. ಒಂದು ವರ್ಷ ನಾನು ಉರಿದಿಲ್ವಾ?" ಎನ್ನುತ್ತಾಳೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ, ಸುಟ್ಟ ಹುಲ್ಲಿನ ಬೂದಿಯನ್ನು ಕೈಯಿಂದ ಸರಿಸುತ್ತಾಳೆ.

"ಇದೆ. ಅವಳ ಜವಾಬು ಚೆನ್ನಾಗಿರ್ಬೇಕು. ಸಪ್ಪೆ ಜವಾಬು ಕೊಟ್ಲು ಅಂತಿಟ್ಕೊ, ಇಂಥವಳ ಮೇಲಾ ನಾನು ಇಷ್ಟು ದಿನ ಹೊಟ್ಟೆ ಉರ್ಕೊಂಡಿದ್ದು ಅಂತ ನಂಗೇ ನಾಚ್ಕೆ ಆಗ್ಬಿಡುತ್ತೆ."