ಗಾಜಿನ ಆಚೆ ಕಡೆಯವರು

ಹಳೇ ಪೇಪರನ್ನು ನೀರಿನಲ್ಲಿ ಅದ್ದಿ ಹಿಂಡಿದರೆ ಒಂದು ವಾಸನೆ ಬರುತ್ತದೆ. ಮಸಿಯದೂ ಅಲ್ಲ, ಕಾಗದದ್ದೂ ಅಲ್ಲ, ಎರಡೂ ಕೂಡಿದ್ದು. ಮೊನ್ನೆ ಅಮಾವಾಸ್ಯೆಯ ಹಿಂದಿನ ದಿನ ಕೊಪ್ಪಳದ ಮಗಳ ಮನೆಯಲ್ಲಿ ಕಪಾಟಿನ ಕನ್ನಡಿ ಒರೆಸಲು ಕೂತಾಗ ಆ ವಾಸನೆ ಮೂಗಿಗೆ ಬಡಿಯಿತು. ಬಾಟಲಿಯಲ್ಲಿ ಸ್ಪ್ರೇ ಇದೆಯಲ್ಲ, ಅದನ್ನು ಹೊಡೆದು ಒರೆಸು, ಕೈ ಕರ್ರಗೆ ಮಾಡಿಕೊಳ್ಳಬೇಡ ಎಂದು ಮಗಳು ಅಡುಗೆಮನೆಯಿಂದಲೇ ಗದರಿದಳು. ನನ್ನ ಕೈ ಕನ್ನಡಿಯ ಮೇಲೆಯೇ ನಿಂತುಬಿಟ್ಟಿತ್ತು. ಗಾಜಿನವರು ನೆನಪಾಗಿದ್ದರು...

ಗಂಗಾವತಿಯ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಬಹಳ ವರ್ಷ ಸೀರೆ ತೋರಿಸುವ ಕೆಲಸ ಮಾಡಿದೆ. ಗಂಡ ತೀರಿಕೊಂಡ ಮೇಲೆ ಯಲಬುರ್ಗಾ ಕಡೆಯ ಹಳ್ಳಿಯಿಂದ ಸಣ್ಣ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಅಣ್ಣನ ಮನೆಗೆ ಬಂದವಳು ನಾನು. ಅತ್ತಿಗೆಯ ಮುಖ ಗಂಟಿಕ್ಕುವ ಮೊದಲೇ ಕೆಲಸ ಹುಡುಕಿಕೊಂಡೆ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಹೊಸತು. ಎಲ್ಲರಿಗೂ ಏನಾದರೊಂದು ಕಟ್ಟಿಸುವ ಹುರುಪು. ನಮ್ಮ ಸಾಹುಕಾರರು ಮೂರಂತಸ್ತಿನ ಅಂಗಡಿ ಕಟ್ಟಿಸಿ, ಮುಂಭಾಗಕ್ಕೆಲ್ಲ ಗಾಜು ಹಾಕಿಸಿ, ಎದುರಿನ ರಸ್ತೆಯಲ್ಲಿ ನಿಂತು ದಿನವೂ ಒಮ್ಮೆ ಅದನ್ನು ಕಣ್ತುಂಬ ನೋಡಿಯೇ ಒಳಗೆ ಬರುತ್ತಿದ್ದರು. ಒಳಗೆ ಏಸಿ ಹಾಕಿಸಿದ್ದರಿಂದ ಆ ಗಾಜುಗಳನ್ನು ತೆರೆಯುವಂತಿರಲಿಲ್ಲ. ಸೀರೆಗಳ ವಿಭಾಗ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿತ್ತು.

ಗಂಗಾವತಿ ಎಂದರೆ ಭತ್ತದ ಊರು. ಊರ ಸುತ್ತ ರೈಸ್ ಮಿಲ್ಲುಗಳು. ಹೊಟ್ಟು ಸುಟ್ಟ ಬೂದಿ ಗಾಳಿಗೆ ಹಾರಿ ಬಂದು ಕೂತರೆ ಸಾಹುಕಾರರ ಗಾಜು ನಾಲ್ಕು ದಿನಕ್ಕೆ ಬೂದಿ ಬಳಿದ ಒಲೆಯಾಗುತ್ತಿತ್ತು. ಹಾಗಾಗಿ ಪ್ರತಿ ಅಮಾವಾಸ್ಯೆಯ ಹಿಂದಿನ ದಿನ, ಅಂಗಡಿಯ ಪೂಜೆಗೆ ಮುಂಚೆ, ಗಾಜು ಒರೆಸಬೇಕೆಂಬುದು ಅವರ ಕಟ್ಟಪ್ಪಣೆ. ಒಳಗಿನ ಮೈ ಆಯಾ ಅಂತಸ್ತಿನ ಕೆಲಸದವರದು. ಹೊರಗಿನ ಮೈ ಒರೆಸಲು ಗಿಣಿಗೇರಾದಿಂದ ಒಬ್ಬರು ಬರುತ್ತಿದ್ದರು. ಮಾಳಿಗೆಯ ಕಂಬಕ್ಕೆ ಹಗ್ಗ ಬಿಗಿದು, ಹಲಗೆಯ ಜೋಕಾಲಿಯ ಮೇಲೆ ಕೂತು, ಸೊಂಟಕ್ಕೆ ಬಕೆಟ್ಟು ಸಿಕ್ಕಿಸಿಕೊಂಡು ನನ್ನ ಗಾಜಿನ ಮುಂದೆ ಇಳಿಯುತ್ತಿದ್ದರು.

ಅಂಗಡಿಯವರೆಲ್ಲ ಅವರನ್ನು ಗಾಜಿನಣ್ಣ ಅನ್ನುತ್ತಿದ್ದರು. ನಾನು ಮಾತ್ರ ಅಣ್ಣ ಅನ್ನಲಿಲ್ಲ. ಗಾಜಿನವರು ಅಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ನಾನು ಹೇಳುತ್ತಲೂ ಇರಲಿಲ್ಲ.

ಗಾಜು ಒರೆಸುವವರಿಗೆ ಇರುವ ದೊಡ್ಡ ಜಗಳ ಒಂದೇ: ಕಲೆ ಯಾರ ಕಡೆಯದು? ಎರಡು ಕಡೆಯಿಂದ ಇಬ್ಬರು ಒರೆಸುವಾಗ ಒಂದು ಚುಕ್ಕೆ ಉಳಿದರೆ ಅದು ಹೊರಗಿನದೋ ಒಳಗಿನದೋ ತಿಳಿಯದು. ಮಾತು ಕೇಳುವುದಿಲ್ಲ, ಗಾಜು ದಪ್ಪ. ಅವರು ಆ ಚುಕ್ಕೆಯ ಮೇಲೆ ಬೆರಳಿಟ್ಟು ಉಜ್ಜಿ ನೋಡುವರು. ಅಳಿಸಿದರೆ ತಮ್ಮ ಎದೆ ತಟ್ಟಿಕೊಳ್ಳುವರು, ನನ್ನದು ಎಂದು. ಅಳಿಸದಿದ್ದರೆ ಬೆರಳನ್ನು ನನ್ನ ಕಡೆ ತೋರಿಸುವರು, ನಿಮ್ಮದು ಎಂದು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅಲ್ಲ, ನಿಮ್ಮದೇ ಎಂದು ನಾನೂ ಬೆರಳು ತೋರಿಸುವೆ. ಕೊನೆಗೆ ಇಬ್ಬರೂ ಒದ್ದೆ ಪೇಪರು ಹಿಡಿದು ಅದೇ ಜಾಗವನ್ನು ಉಜ್ಜುತ್ತಿದ್ದೆವು, ಅವರ ಅಂಗೈ ಆಚೆ, ನನ್ನ ಅಂಗೈ ಈಚೆ. ಗಾಜು ಬೆಚ್ಚಗಿರುತ್ತಿತ್ತು. ಬಿಸಿಲಿಗೆ ಎಂದು ನನಗೂ ಗೊತ್ತಿತ್ತು. ಆದರೂ ಕೈ ತೆಗೆಯಲು ಮನಸ್ಸಾಗುತ್ತಿರಲಿಲ್ಲ.

ಊರಿಗೆಲ್ಲ ಹುಣ್ಣಿಮೆ ಇಷ್ಟ, ನಾನು ಅಮಾವಾಸ್ಯೆಯ ದಾರಿ ಕಾಯುತ್ತಿದ್ದೆ. ಹೇಳಲಿಕ್ಕೇನು ನಾಚಿಕೆ ಈಗ, ಈ ವಯಸ್ಸಿನಲ್ಲಿ? ಅವರಿಗೆ ಹೆಂಡತಿ ಇದ್ದಳು, ಮಕ್ಕಳಿದ್ದವು. ನನಗೆ ಮಗಳಿದ್ದಳು. ಏನೂ ಆಗಬೇಕೆಂದು ನಾನು ಬಯಸಲಿಲ್ಲ. ತಿಂಗಳಿಗೊಮ್ಮೆ ಒಬ್ಬರು ನನ್ನ ಮುಖವನ್ನು ನೇರವಾಗಿ ನೋಡಿ ಜಗಳ ತೆಗೆಯುತ್ತಿದ್ದರು, ಅಷ್ಟು ಸಾಕಾಗಿತ್ತು. ಅಣ್ಣನ ಮನೆಯಲ್ಲಿ ನನ್ನ ಮುಖ ನೋಡಿ ಮಾತಾಡುವವರಿರಲಿಲ್ಲ. ಅಂಗಡಿಗೆ ಬಂದವರು ಸೀರೆ ನೋಡುತ್ತಿದ್ದರೇ ಹೊರತು ಸೀರೆ ಬಿಚ್ಚಿ ಹಾಕುವವಳನ್ನಲ್ಲ. ತಮಾಷೆಯೆಂದರೆ, ಕೆಲಸ ಮುಗಿದು ಕೆಳಗೆ ಚಹಾ ಕುಡಿಯುವಾಗ ಎದುರಾದರೆ ನಮ್ಮಿಬ್ಬರ ಬಾಯಿಗೂ ಬೀಗ. ಆರಾಮ ಅದೀರಿ ಎಂದು ಅವರು, ಹೂಂನ್ರಿ ಎಂದು ನಾನು. ನಡುವೆ ಗಾಜಿಲ್ಲದಿದ್ದರೆ ನಮಗೆ ಮಾತೇ ಬರುತ್ತಿರಲಿಲ್ಲ.

ಒಂದು ಆಷಾಢದಲ್ಲಿ ಗಾಳಿ ಜೋರಿತ್ತು. ಇವತ್ತು ಬೇಡ ಎಂದು ನಾನು ಒಳಗಿನಿಂದ ಕೈಯಾಡಿಸಿದೆ. ನಾಳೆ ಪೂಜೆ ಎಂದು ಅವರು ಕೈಮುಗಿದು ತೋರಿಸಿದರು. ಅಷ್ಟರಲ್ಲಿ ಹಲಗೆಯ ಒಂದು ಕಡೆ ಜಾರಿತು. ಬಕೆಟ್ಟು ಕೆಳಗೆ ಹೋಯಿತು. ಅವರು ಒಂದೇ ಹಗ್ಗಕ್ಕೆ ಜೋತುಬಿದ್ದು ಕೆನ್ನೆಯನ್ನು ಗಾಜಿಗೆ ಒತ್ತಿ ನಿಂತರು, ಅಲ್ಲ, ನೇತಾಡಿದರು. ನಾನು ಎರಡೂ ಅಂಗೈ ಗಾಜಿಗೆ ಬಡಿದೆ. ಹಿಡಿಯುತ್ತೇನೆ ಎಂಬಂತೆ! ಅವರ ಕಣ್ಣು ಅಷ್ಟು ಹತ್ತಿರ ಕಂಡದ್ದು ಅದೇ ಮೊದಲು. ಕಾಲಿನಿಂದ ಹಲಗೆಯನ್ನು ಎಳೆದುಕೊಂಡು, ಕೂತು, ಉಸಿರು ತಿರುಗಿಸಿಕೊಂಡ ಮೇಲೆ ಅವರು ಮಾಡಿದ್ದೇನು ಗೊತ್ತೇ? ಗಾಜಿನ ಮೇಲೆ ತಮ್ಮ ಕೆನ್ನೆಯ ಬೆವರು ಬಿದ್ದ ಗುರುತನ್ನು ನೋಡಿ ಎದೆ ತಟ್ಟಿಕೊಂಡರು, ನನ್ನದು ಎಂದು. ಆಮೇಲೆ ನನ್ನ ಅಂಗೈ ಗುರುತಿನತ್ತ ಬೆರಳು ತೋರಿಸಿದರು, ನಿಮ್ಮದು ಎಂದು. ನಗುತ್ತಿದ್ದರು. ನಾನು ಅಳುತ್ತ ಒರೆಸಿದೆ.

ಅದಾಗಿ ಎಷ್ಟೋ ಕಾಲ ಹಾಗೆಯೇ ನಡೆಯಿತು. ಆಮೇಲೆ ಒಂದು ಸಲ ಅವರು ನೀರಿನ ಕೋಲು ತಂದರು. ಗಿಣಿಗೇರಾದ ಕಡೆ ಯಾವುದೋ ಕಾರ್ಖಾನೆಯ ಆಫೀಸಿನ ಗಾಜನ್ನು ಹಾಗೆ ತೊಳೆಯುವುದನ್ನು ನೋಡಿ, ಮೈದುನನನ್ನು ಕೂಡಿಸಿಕೊಂಡು ಹೊಂದಿಸಿದ್ದರಂತೆ. ಒಂದರೊಳಗೊಂದು ಸೇರಿಕೊಂಡಿರುವ ಹಗುರ ಕೋಲುಗಳು, ಎಳೆದರೆ ಮೂರಂತಸ್ತು ಮುಟ್ಟುತ್ತವೆ. ತುದಿಗೆ ಬ್ರಷ್. ಕೋಲಿನ ಜೊತೆಗೇ ಸಣ್ಣ ಪೈಪಿನಲ್ಲಿ ನೀರು ಮೇಲೇರಿ ಬ್ರಷ್ಷಿನಿಂದ ಸುರಿಯುತ್ತದೆ. ನೆಲದ ಮೇಲೆ ನಿಂತೇ ಉಜ್ಜಬಹುದು. ಉಪ್ಪಿನಂಶ ತೆಗೆದ ನೀರು ಬೇಕು, ಅದನ್ನು ಅವರೇ ಡ್ರಮ್ಮಿನಲ್ಲಿ ತರುತ್ತಿದ್ದರು. ಆ ನೀರಾದರೆ ಒರೆಸುವುದೇ ಬೇಡ, ಗಾಜು ತಾನಾಗಿ ಒಣಗಿ ತಿಳಿಯಾಗುತ್ತದೆ.

ಒರೆಸುವುದೇ ಬೇಡ ಎಂದದ್ದೇ ತಪ್ಪಾಯಿತು. ಲಾಡ್ಜಿನವರು, ಆಸ್ಪತ್ರೆಯವರು, ಬಂಗಾರದಂಗಡಿಯವರು, ಅವರ ಗಿರಾಕಿಗಳೆಲ್ಲ ಒಂದೇ ರಾಗ ಹಾಡಿದರು. ನೀರು ಹೊಯ್ದು ಹಾಗೇ ಬಿಟ್ಟು ಹೋಗುವುದಕ್ಕೆ ನೀವೇಕೆ ಬೇಕು, ಮಳೆ ಸಾಲದೇ ಎಂದರು. ನಮ್ಮ ಸಾಹುಕಾರರು ಎಲ್ಲರಿಗಿಂತ ಒಂದು ಕೈ ಮೇಲೆ. ಒಮ್ಮೆ ಮಾಡಿ ತೋರಿಸು ಎಂದರು, ಆದರೆ ಡ್ರಮ್ಮಿನ ನೀರು ಮುಟ್ಟಗೊಡಲಿಲ್ಲ. ಅಂಗಡಿಯ ಹಿಂದಿನ ಅವರ ಬೋರಿನ ನೀರು ಊರಿಗೇ ಹೆಸರಾದ ಸಿಹಿನೀರು. ಓಣಿಯ ಹೆಂಗಸರು ಕೊಡ ಹೊತ್ತು ಬರುತ್ತಿದ್ದರು. ನನ್ನ ಬೋರು ಇರುವಾಗ ಬೇರೆ ಊರಿನ ನೀರು ನನ್ನ ಗಾಜಿಗೆ ಯಾಕೆ ಎಂದು ಪೈಪನ್ನು ಅದಕ್ಕೇ ಹಚ್ಚಿಸಿದರು. ಗಾಜಿನವರು ಎಷ್ಟು ಹೇಳಿದರೂ ಕೇಳಲಿಲ್ಲ. ಬಿಸಿಲಿಗೆ ಒಣಗಿದ ಮೇಲೆ ಗಾಜಿನ ತುಂಬ ಬಿಳೀ ಚುಕ್ಕೆ. ಸಾಹುಕಾರರು ಬೋರಿನ ತಪ್ಪು ಒಪ್ಪುತ್ತಾರೆಯೇ? ಕೋಲಿನ ತಪ್ಪು ಎಂದರು. ಅವರು ಬೇಡ ಎಂದದ್ದು ಬಜಾರಿಗೆಲ್ಲ ಹಬ್ಬಿತು. ಮುಂದಿನ ಅಮಾವಾಸ್ಯೆಗೆ ಜೋಕಾಲಿ ಮತ್ತೆ ನನ್ನ ಗಾಜಿನ ಮುಂದೆ ಇಳಿಯಿತು.

ನನಗೆ ಒಳಗೊಳಗೇ ಹಿಗ್ಗಾಗಿತ್ತು. ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಆ ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ತಂಗಿಯ ಮದುವೆಗೆ ಸೀರೆ ಬೇಕು ಎಂದಳು. ನಾನು ಬಿಚ್ಚಿ ಹಾಕುತ್ತ ಹೋದೆ. ಅವಳ ಕಣ್ಣು ಸೀರೆಯ ಮೇಲಿರಲಿಲ್ಲ, ಗಾಜಿನ ಮೇಲಿತ್ತು. ಎದ್ದು ಹೋಗಿ ಗಾಜಿಗೆ ಹಣೆ ಹಚ್ಚಿ ಕೆಳಗೆ ನೋಡಿದಳು. ತಿರುಗಿದಾಗ ಮುಖ ಬಿಳಿಚಿತ್ತು.

“ಒಳಗಿಂದ ಒರಸೋರು ನೀವ ಏನ್ರಿ ಅಕ್ಕಾರ?” ಎಂದು ಕೇಳಿದಳು. ಆಗ ತಿಳಿಯಿತು, ಗಾಜಿನವರ ಹೆಂಡತಿ ಎಂದು. ಅವಳು ನನ್ನ ಪಕ್ಕ ಬಂದು ಕೂತಳು.

“ಅಮಾಸಿ ಹತ್ರ ಬಂತಂದ್ರ ನನಗ ಅನ್ನ ಇಳಿಯಂಗಿಲ್ರಿ. ಅವರ ಮೊಳಕಾಲು ಮೊದಲಿನಂಗಿಲ್ಲ, ಹಗ್ಗ ಹಿಡಿಯೋ ಕೈ ನಡಗತೈತಿ. ನಿಮ್ಮ ಸಾವ್ಕಾರ್ರು ಒಪ್ಪಿದ್ರ ಬಜಾರೆಲ್ಲ ಒಪ್ಪತೈತಿ ಅಂತಾರ. ನೀವೊಂದು ಮಾತು ಹೇಳ್ರಿ. ನಿಮ್ಮ ಮಾತಿಗೆ ಸಾವ್ಕಾರ್ರು ಕಿವಿಗೊಡ್ತಾರಂತ.”

ಮೊಳಕಾಲು, ಕೈನಡುಕ... ಇದೆಲ್ಲ ನನಗೆ ಗಾಜಿನ ಈಚೆಯಿಂದ ಕಂಡಿರಲಿಲ್ಲ. ಅವಳು ಕೇಳುತ್ತಿರುವುದು ಏನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ನಾನು ಒಪ್ಪಿದರೆ ಆ ಗಾಜಿನ ಆಚೆ ಇನ್ನು ಯಾರೂ ಇಳಿಯುವುದಿಲ್ಲ. ಒಪ್ಪದಿದ್ದರೆ ಒಂದು ದಿನ ಅವಳ ಹಣೆಯೂ ನನ್ನ ಹಣೆಯಂತಾಗುತ್ತದೆ. ಅದು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹೇಳ್ತೀನಿ ಬಿಡ್ರಿ ಎಂದೆ. ಅವಳು ಹಸಿರು ಸೀರೆ ಆರಿಸಿಕೊಂಡಳು. ನಾನು ಮಡಚಿ ಕೊಟ್ಟೆ.

ಮರುದಿನ ಎರಡು ಸ್ಟೀಲ್ ತಾಟು ತಂದೆ. ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಗಾಜಿನವರು ಮೂಲೆಯಲ್ಲಿ ಬಿಟ್ಟುಹೋಗಿದ್ದ ಡ್ರಮ್ಮಿನ ನೀರು. ಎರಡನ್ನೂ ಮಾಳಿಗೆಯ ಬಿಸಿಲಿಗಿಟ್ಟೆ. ಸಂಜೆ ಸಾಹುಕಾರರ ಗಲ್ಲೆಯ ಮುಂದೆ ಒಯ್ದು ಇಟ್ಟೆ. ಬೋರಿನ ತಾಟಿನಲ್ಲಿ ಬಿಳೀ ಗೆರೆ ಉಳಿದಿತ್ತು, ಇನ್ನೊಂದರಲ್ಲಿ ಏನೂ ಇರಲಿಲ್ಲ. ನಿಮ್ಮ ನೀರು ಕುಡಿಯಲಿಕ್ಕೆ ಊರಿಗೇ ಛಲೋ, ಗಾಜು ಕುಡಿಯುವುದಿಲ್ಲವಲ್ಲ ಎಂದೆ. ಅವರು ಗಲ್ಲ ತುರಿಸಿಕೊಂಡರು. ನೀರೇನೋ ಸರಿ, ಒರೆಸದೆ ಬಿಡುವುದು ಹೇಗೆ ಎಂದು ಅಲ್ಲಿಗೇ ಬಂದರು.

“ರೇಷ್ಮಿ ಸೀರಿ ತೊಳದ ಮ್ಯಾಲೆ ಹಿಂಡತೀವೇನ್ರಿ ಸಾವ್ಕಾರ್ರ? ನೆಳ್ಳಿಗೆ ಹಾಕಿ ಬಿಡ್ತೀವಿ, ನೀರಿಳದು ತಾನ ಒಣಗತೈತಿ. ಗಿರಾಕಿಗೆ ನೀವ ಹಂಗ ಹೇಳಿ ಮಾರ್ತೀರಿ.”

ಸಾಹುಕಾರರು ನನ್ನನ್ನು ನೋಡಿದರು, ತಾಟು ನೋಡಿದರು, ಆಮೇಲೆ ನಕ್ಕರು. ನಿನ್ನ ಬಾಯಿ ಭಾಳ ಆತವಾ ಎಂದರು. ಈ ಅಮಾವಾಸ್ಯೆಗೆ ನಿನ್ನ ಅಂತಸ್ತಿನ ಗಾಜಿಗಷ್ಟೇ ಮಾಡಲಿ, ಆಮೇಲೆ ನೋಡೋಣ ಎಂದರು.

ಆ ಅಮಾವಾಸ್ಯೆಯ ಹಿಂದಿನ ದಿನ ನಾನು ಪೇಪರು ನೆನೆಸಿಕೊಂಡು ಗಾಜಿನ ಮುಂದೆ ನಿಂತೆ. ಕೆಳಗಿನಿಂದ ಬ್ರಷ್ ಏರಿ ಬಂತು. ನೀರು ಸುರಿಯಿತು. ನೀರಿನ ಪರದೆಯ ಹಿಂದೆ, ದೂರ ಕೆಳಗೆ, ತಲೆಗೆ ಟವೆಲ್ಲು ಸುತ್ತಿಕೊಂಡು, ಕತ್ತು ಮೇಲೆತ್ತಿ ಅವರು ನಿಂತಿದ್ದರು. ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದರು. ಅದನ್ನು ನೋಡಿ ಜೀವಕ್ಕೆ ಸಮಾಧಾನವಾಯಿತು. ಗಾಜು ಒಣಗಿದ ಮೇಲೆ ಸಾಹುಕಾರರು ಮಾಳಿಗೆಯ ಅಂಚಿನಿಂದ ಬಗ್ಗಿ ಕೈ ಚಾಚಿ ಕರವಸ್ತ್ರದಿಂದ ಹೊರಗಿನ ಒಂದು ಮೂಲೆಯನ್ನು ತಿಕ್ಕಿ, ಅದನ್ನು ತಿರುಗಿಸಿ ನೋಡಿ, ಸುಮ್ಮನೆ ಮಡಚಿ ಕಿಸೆಗಿಟ್ಟುಕೊಂಡರು. ಬಜಾರು ಒಪ್ಪಿತು. ಲಾಡ್ಜಿನವರೂ ಆಸ್ಪತ್ರೆಯವರೂ ಹಿಂದೆಯೇ ಒಪ್ಪಿದರು. ಜೋಕಾಲಿಯ ಹಲಗೆ ಮಾಳಿಗೆಯಲ್ಲಿ ಬಿಸಿಲಿಗೆ ಸೀಳಿಹೋಯಿತು.

ಒಂದು ಚುಕ್ಕೆ ಕಂಡಾಗ ನಾನು ಅಭ್ಯಾಸಬಲದಿಂದ ಬೆರಳಿಟ್ಟು ಜಗಳಕ್ಕೆ ನಿಂತೆ. ಕೆಳಗಿನವರು ಬೇರೆಲ್ಲೋ ನೋಡುತ್ತಿದ್ದರು. ಚಹಾದ ಹೊತ್ತಿಗೆ, ಹುಡುಗರು ಕೇಳಿದ್ದಕ್ಕೆ ಅವರೇ ಹೇಳುತ್ತಿದ್ದರು, ಕೆಳಗಿನಿಂದ ನೋಡಿದರೆ ಗಾಜಿನಲ್ಲಿ ಮುಗಿಲು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು. ನನಗೆ ಅವರು ಕಾಣುತ್ತಿದ್ದರು, ಅವರಿಗೆ ನಾನಲ್ಲ... ಆದರೆ ಪ್ರತಿ ಸಲ ನನ್ನ ಗಾಜು ಮುಗಿಸಿ ಬ್ರಷ್ ಇಳಿಸುವ ಮೊದಲು ಅವರು ಅದನ್ನು ನಡುವೆ ಒಂದು ಕಡೆ ಮೆಲ್ಲಗೆ ತಾಗಿಸಿ ನಿಲ್ಲಿಸುತ್ತಿದ್ದರು. ನೀರು ಝಾಡಿಸಲಿಕ್ಕಿರಬೇಕು ಎಂದುಕೊಂಡೆ. ಬೇರೆ ಅರ್ಥ ಮಾಡಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಮಗಳ ಮದುವೆಯಾಗಿ ನಾನು ಕೊಪ್ಪಳಕ್ಕೆ ಬಂದೆ. ಅಂಗಡಿ ಬಿಟ್ಟು ಕೆಲವು ವರ್ಷಗಳ ಮೇಲೆ ಕೊಪ್ಪಳದ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಅಕ್ಕಾರ ಎಂದು ಯಾರೋ ಕೂಗಿದರು. ಅವರ ಹೆಂಡತಿ. ಹಣೆ ಬರಿದಾಗಿತ್ತು. ಕೇಳುವುದೇನೂ ಉಳಿದಿರಲಿಲ್ಲ. ಮೆಂತ್ಯೆಸೊಪ್ಪಿನ ಚೀಲ ಹಿಡಿದುಕೊಂಡು ಇಬ್ಬರೂ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತೆವು.

“ಜ್ವರ ಬಂದು ಹಾಸಿಗಿ ಹಿಡದ್ರು. ನನ್ನ ಕೈಯಾಗ ನೀರು ಕುಡದ ಹೋದ್ರು ಅಕ್ಕಾರ. ಮ್ಯಾಲಿಂದ ಬಿದ್ದು ಹೋಗಲಿಲ್ಲ,” ಎಂದಳು. ನನ್ನ ಕೈ ಹಿಡಿದುಕೊಂಡಳು. ಆಮೇಲೆ ತಾನೇ ನಕ್ಕಳು. “ಒಳಗಿನವರು ಅಂತಿದ್ರು ನಿಮಗ. ಗಾಜಿನ್ಯಾಗ ಮುಗಿಲ ಕಾಣತೈತಿ, ಆದ್ರ ಒಳಗಿನವರು ಅಲ್ಲೇ ನಿಂತಿರ್ತಾರ, ಬ್ರಷ್ಷಿಲೆ ನಿಮ್ಮದು ಅಂತ ತೋರಿಸಿ ಬರ್ತೀನಿ ಅಂತಿದ್ರು.”

ಊರಿಗೆಲ್ಲ ನಾನು ಅಕ್ಕ. ಅವರ ಬಾಯಲ್ಲಿ ಅಕ್ಕ ಆಗಿರಲಿಲ್ಲ. ಇಷ್ಟು ತಿಳಿಯಲು ಅವರು ಹೋಗಬೇಕಾಯಿತು. ಮನೆಗೆ ಬಂದು ಮೆಂತ್ಯೆಸೊಪ್ಪು ಬಿಡಿಸುತ್ತ ಕೂತೆ. ಕಣ್ಣೀರು ಬಂತು, ಬರಲಿ ಎಂದು ಬಿಟ್ಟೆ.

ಮೊನ್ನೆ ಮಗಳು ಮತ್ತೆ ಗದರಿದಾಗ ಎಚ್ಚರವಾಯಿತು. ಕನ್ನಡಿಯ ನಡುವೆ ಒಂದು ಚುಕ್ಕೆ ಉಳಿದಿತ್ತು. ಬೆರಳಿಟ್ಟು ನೋಡಿದೆ. ಆಚೆಯಿಂದ ಬಂದು ಮುಟ್ಟುವ ಬೆರಳಿರಲಿಲ್ಲ, ಕನ್ನಡಿಗೆ ಆಚೆ ಕಡೆ ಎಂಬುದೇ ಇಲ್ಲ. ನನ್ನದೇ ಇರಬೇಕು ಎಂದು ಎದೆ ತಟ್ಟಿಕೊಂಡೆ. ನೋಡಿ ನಗುವವರು ಯಾರೂ ಇರಲಿಲ್ಲ. ಪೇಪರನ್ನು ಇನ್ನೊಮ್ಮೆ ಅದ್ದಿ ಹಿಂಡಿ, ನಾನೇ ಒರೆಸಿದೆ.