ಪೆಡಲಿನ ಕೆಳಗಿದ್ದ ಲಟ್ಟಣಿಗೆ ತುಂಡು

ಎಂಜಿನ್‌ನಲ್ಲಿ ಯಾವ ದೋಷವೂ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮಂಜಲ್‌ಪುರದ ಗ್ಯಾರೇಜಿನಲ್ಲಿ ಬೆಳಿಗ್ಗೆ ಹತ್ತರಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಪಕ್ಕದ ಸ್ಟೂಲಿನಲ್ಲಿ ಹೆಂಡತಿ ಇದ್ದಳು. ಅವಳೆದುರು ನಿಜ ಹೇಳುವ ಧೈರ್ಯ ನನಗಿರಲಿಲ್ಲ.

ಕಾರು ಮಾರುವುದೆಂದು ತೀರ್ಮಾನಿಸಿದವಳು ಅವಳೇ. ಮಗ ತೀರಿಕೊಂಡು ಎರಡು ವರ್ಷವಾಯಿತು, ಇನ್ನು ಯಾರಿಗೆ ಇದು ಎಂದಳು. ನೋಡಲು ಬಂದವರು ಒಂದು ಸುತ್ತು ಓಡಿಸಿ, ಸ್ಟಾರ್ಟ್ ಆಗುವುದೇನೋ ಚೆನ್ನಾಗಿ ಆಗುತ್ತದೆ, ಎಷ್ಟು ಒತ್ತಿದರೂ ಎಂಜಿನ್ ಮಾತ್ರ ಏರುವುದಿಲ್ಲ, ರಿಪೇರಿ ಮಾಡಿಸಿ ಎಂದು ಹೋಗಿದ್ದರು.

ಇಲ್ಲಿ ಗುಜರಾತಿನಲ್ಲಿ ನಮ್ಮದು ಉಡುಪಿ ಹೋಟೆಲು. ನನ್ನ ಬುದ್ಧಿ ಬೆಳೆದದ್ದೇ ಅದರ ಅಡುಗೆಮನೆಯಲ್ಲಿ. ಅಡುಗೆಯವರು ಒಲೆ ಪೂರ್ತಿ ತೆರೆದು ಗ್ಯಾಸ್ ಸುಡುತ್ತಾರೆಂದು ನಾನು ಅದರ ತಿರುಪಿಗೆ ತಂತಿ ಸುತ್ತಿಡುತ್ತೇನೆ. ಅರ್ಧದ ಮೇಲೆ ಅದು ತಿರುಗುವುದಿಲ್ಲ. ಜಗಳವೂ ಬೇಡ, ಉಪದೇಶವೂ ಬೇಡ. ಮಗ ಡ್ರೈವಿಂಗ್ ಕಲಿತ ವರ್ಷ ಅದೇ ಬುದ್ಧಿಯನ್ನು ಕಾರಿನ ಮೇಲೂ ಓಡಿಸಿದೆ. ಹೋಟೆಲಿನಲ್ಲಿ ಮುರಿದುಬಿದ್ದಿದ್ದ ಲಟ್ಟಣಿಗೆಯಿಂದ ಒಂದು ತುಂಡು ಕೊಯ್ದು, ಆಕ್ಸಿಲರೇಟರ್ ಪೆಡಲಿನ ಕೆಳಗೆ ಸ್ಕ್ರೂ ಹಾಕಿ ಕೂರಿಸಿ, ಮೇಲೆ ಕಾರ್ಪೆಟ್ ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಕಾರು ಎಳೆಯುವುದೇ ಇಲ್ಲ ಎಂದು ಮಗ ಗೊಣಗಿದಾಗ, ಮುದಿ ಎಂಜಿನ್, ಅದರ ಯೋಗ್ಯತೆಯೇ ಅಷ್ಟು ಎಂದೆ.

ಸೂರತ್ ಪಕ್ಕದ ಸಚಿನ್ ಎಂಬ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಮಗನಿಗೆ ಕೆಲಸ ಸಿಕ್ಕಾಗ ಕಾರು ಒಯ್ಯಲು ಹೇಳಿದ್ದೆ. "ಬೇಡ ಅಪ್ಪ, ನಿಮಗೇ ಇರ್ಲಿ" ಎಂದು ಸೂರತ್‌ನಲ್ಲಿ ಬೈಕ್ ಕೊಂಡ. ಮಳೆಗಾಲದ ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಟ್ಯಾಂಕರೊಂದು ಆ ಬೈಕಿಗೆ ಬಡಿಯಿತು. ಕಾರು ನೆಟ್ಟಗಿದ್ದರೆ ಅದನ್ನೇ ಒಯ್ಯುತ್ತಿದ್ದ. ಕಾರಿನಲ್ಲಿದ್ದಿದ್ದರೆ ಉಳಿಯುತ್ತಿದ್ದ. ಮಗನನ್ನು ಕೊಂದವನು ನಾನೇ ಎಂದು ದಿನಾ ನನಗೆ ನಾನು ಹೇಳಿಕೊಳ್ಳುತ್ತೇನೆ. ಆ ತುಂಡನ್ನು ಕಿತ್ತುಹಾಕಲು ಎಷ್ಟೋ ಸಲ ಕಾರಿನ ಬಾಗಿಲು ತೆರೆದು, ಕೈ ಬಾರದೆ ಮುಚ್ಚಿದ್ದೇನೆ.

ಗ್ಯಾರೇಜಿನವನು ನಿಧಾನಸ್ಥ. ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿದ. ಏರ್ ಫಿಲ್ಟರ್ ತಟ್ಟಿ ಧೂಳು ಉದುರಿಸಿದ. ಪೆಟ್ರೋಲ್ ಫಿಲ್ಟರ್ ಬದಲಿಸಿದ. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ಹೊಗೆ ಸಲೀಸಾಗಿ ಬರುತ್ತಿದೆಯೇ ನೋಡಿದ. ಕಾರ್ಬ್ಯುರೇಟರನ್ನೂ ಬಿಚ್ಚಿ ತೊಳೆದ. ಪ್ರತಿ ಸಲವೂ ಸೀಟಿನಲ್ಲಿ ಕೂತು ಪೆಡಲ್ ಒತ್ತುವನು, ಎಂಜಿನ್ ಅರ್ಧ ಏರಿ ಅಲ್ಲೇ ನಿಲ್ಲುವುದು. ಒಬ್ಬ ಒಳ್ಳೆಯ ಕೆಲಸಗಾರ ಸುಮ್ಮನೆ ಮೈಕೈ ಮಸಿ ಮಾಡಿಕೊಳ್ಳುವುದನ್ನು ನೋಡುತ್ತ ನಾನು ಎರಡು ಚಹಾ ಕುಡಿದೆ. ನನ್ನಂಥ ನಾಚಿಕೆಗೆಟ್ಟವನು ಇನ್ನೊಬ್ಬನಿಲ್ಲ.

ಕೊನೆಗೆ ಅವನು ಬಾನೆಟ್ಟಿನ ಕೆಳಗೆ ಕೈಹಾಕಿ ಆಕ್ಸಿಲರೇಟರ್ ಕೇಬಲನ್ನು ಬೆರಳಿನಿಂದ ಎಳೆದ. ಎಂಜಿನ್ ಒಮ್ಮೆಗೇ ತಾರಕಕ್ಕೇರಿತು. ಆ ಕಾರಿಗೆ ಅಂಥ ದನಿಯಿದೆ ಎಂಬುದನ್ನೇ ನಾನು ಮರೆತಿದ್ದೆ.

"ಕೈಯಲ್ಲಿ ಎಳೆದರೆ ಏರುತ್ತೆ, ಕಾಲಲ್ಲಿ ಒತ್ತಿದರೆ ಏರಲ್ಲ" ಎಂದ ಗುಜರಾತಿಯಲ್ಲಿ. "ಎಂಜಿನ್ ಗಟ್ಟಿ ಇದೆ ಅಣ್ಣಾ. ಯಾರೋ ಪೆಡಲಿಗೆ ಏನೋ ಅಡ್ಡ ಇಟ್ಟಿದಾರೆ."

ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ಅವನು ಕಾರ್ಪೆಟ್ ಎತ್ತಿ, ಸ್ಕ್ರೂ ಬಿಚ್ಚಿ, ತುಂಡನ್ನು ಹತ್ತಿರ ಬಂದು ನಿಂತಿದ್ದ ನನ್ನ ಹೆಂಡತಿಯ ಕೈಗೆ ಕೊಟ್ಟ. ಅದರ ಗೀರುಗಳಲ್ಲಿ ಹಿಟ್ಟಿನ ಬಿಳಿ ಇನ್ನೂ ಇತ್ತು.

"ನಾನೇ ಇಟ್ಟದ್ದು" ಎಂದೆ. "ಅವ ಜೋರು ಬಿಡ್ತಾನೆ ಅಂತ ಹೆದರಿ. ಇದ್ರಿಂದಲೇ ಅವ ಕಾರು ಬಿಟ್ಟು ಬೈಕ್ ತಕೊಂಡದ್ದು."

ಅವಳು ತುಂಡನ್ನು ತಿರುಗಿಸಿ ನೋಡಿದಳು. "ನಂಗೆ ಗೊತ್ತುಂಟು" ಎಂದಳು. "ಅವನಿಗೂ ಗೊತ್ತಿತ್ತು."

ಒಂದು ಭಾನುವಾರ ಕಾರು ತೊಳೆಯುವಾಗ ಮಗನೇ ಅದನ್ನು ಕಂಡುಹಿಡಿದಿದ್ದನಂತೆ. ಸ್ಕ್ರೂಡ್ರೈವರ್ ತಂದುಕೊಟ್ಟವಳು ಇವಳೇ. ಅವನು ಅದನ್ನು ಮುಟ್ಟದೆ, ಕಾರ್ಪೆಟ್ಟನ್ನು ಮೊದಲಿನ ಹಾಗೇ ಹಾಸಿದನಂತೆ.

"'ಇರ್ಲಿ ಅಮ್ಮ, ತೆಗೆದ್ರೆ ಅಪ್ಪನಿಗೆ ನಿದ್ದೆ ಬರ್ಲಿಕ್ಕಿಲ್ಲ' ಅಂದ. ನಿಮ್ಮ ಹತ್ರ ಹೇಳ್ಬಾರ್ದು ಅಂತ ನನ್ನಿಂದ ಭಾಷೆ ತಕೊಂಡ." ಅವಳು ತುಂಡನ್ನು ಸೆರಗಿನಲ್ಲಿ ಒರೆಸಿದಳು. "ನಾನಾದ್ರೂ ತೆಗೆದು ಬಿಸಾಡ್ಬೇಕಿತ್ತು. ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತಲ್ಲ."

ಎರಡು ವರ್ಷ ಒಂದೇ ಮನೆಯಲ್ಲಿ, ಒಂದೇ ತುಂಡು ಮರಕ್ಕಾಗಿ ಇಬ್ಬರೂ ಬೇರೆ ಬೇರೆಯಾಗಿ ಬೆಂದಿದ್ದೆವು.

ಗ್ಯಾರೇಜಿನವನಿಗೆ ನಮ್ಮ ಕನ್ನಡ ತಿಳಿಯದು. "ಈಗ ಒತ್ತಿ ನೋಡಿ ಅಣ್ಣಾ" ಎಂದು ಖುಷಿಯಿಂದ ಕರೆದ. ಹೋಗಿ ಸೀಟಿನಲ್ಲಿ ಕೂತೆ. ಪೆಡಲ್ ಒತ್ತಿದೆ. ಅದು ಎಲ್ಲೂ ತಡೆಯದೆ ನೆಲ ಮುಟ್ಟಿತು. ಆ ಅಬ್ಬರದಲ್ಲಿ ಸ್ಟೀರಿಂಗಿಗೆ ಹಣೆ ಹಚ್ಚಿ ದನಿ ತೆಗೆದು ಅತ್ತೆ. ಕಾಲು ಎತ್ತಬೇಕೆಂಬುದೂ ಹೊಳೆಯಲಿಲ್ಲ. ಅವಳೇ ಕಿಟಕಿಯೊಳಗೆ ಕೈಚಾಚಿ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಳು.