ಕಿಟಕಿಗೆ ಕಟ್ಟಿದ ನೂಲು

ಭಟ್ಕಳದಲ್ಲಿ ಬಸ್ಸು ಹತ್ತಿದವನೇ ಕಿಟಕಿಯ ಒಳಸರಳಿಗೆ ಉಷ್ಣಮಾಪಕ ಕಟ್ಟಿ, ಪಕ್ಕದಲ್ಲಿ ಒಂದೆಳೆ ನೂಲು ಇಳಿಬಿಟ್ಟೆ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನನಗೆ, ಪೇಟೆಯ ಗಾಳಿಗೂ ಹಳ್ಳಿಯ ಗಾಳಿಗೂ ಏನು ವ್ಯತ್ಯಾಸವೆಂದು ನೋಡುವ ಹುಚ್ಚು.

ಹೊನ್ನಾವರದ ನಿಲ್ದಾಣದಲ್ಲಿ ನೆಲದ ಕಾವು ಮೇಲೇರಿ ನೂಲು ಎತ್ತೆತ್ತಲೋ ಸುಳಿಯಿತು. ಅಲ್ಲಿ ಹತ್ತಿ ನನ್ನ ಪಕ್ಕ ಕೂತ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡರು.

"ಕಿಟಕಿ ಹಾಕಿ ಮಾರಾಯ್ರೇ, ಒಲೆ ಮುಂದೆ ಕೂತಾಂಗೆ ಆಗ್ತದೆ."

ನೂಲು ತೋರಿಸಿ, ನನ್ನ ಪ್ರಯೋಗದ ಕತೆ ಹೇಳಿ ಹೇಗೋ ಒಪ್ಪಿಸಿದೆ.

ಹಳದೀಪುರದಲ್ಲಿ ಬಸ್ಸು ನಿಂತಿತು. ಗದ್ದೆ, ಅದರಾಚೆ ತೆಂಗಿನ ತೋಟ. ನೂಲು ಒಂದೇ ದಿಕ್ಕಿಗೆ ಸಮನಾಗಿ ಚಾಚಿಕೊಂಡಿತು, ಪಾದರಸ ಇಳಿಯಿತು. ನಾನು ಅದನ್ನೇ ನೋಡುತ್ತಿರುವಾಗ ಆಕೆ ನನ್ನನ್ನು ದಾಟಿ ಬಾಗಿ ಗಾಳಿಗೆ ಮುಖವೊಡ್ಡಿದರು.

"ಅಗೋ, ಆ ಮೋರಿ ಇದ್ದಲ್ಲೇ ನಮ್ಮನೆ ಜಗಲಿ ಇತ್ತು. ರಸ್ತೆ ಅಗಲ ಮಾಡುವಾಗ ಹೋತು."

"ಈಗ ಎಲ್ಲಿದ್ದೀರಿ?"

"ಕುಮಟಾದಲ್ಲಿ, ಬಾಡಿಗೆ ಮನೆ. ಕಿಟಕಿ ಅದೆ. ತೆಗೆದ್ರೆ ಆಚೆಮನೆ ಗೋಡೆ."

ಬಸ್ಸು ಹೊರಟಿತು. ಗದ್ದೆಗಳು ಮುಗಿದು ಅಂಗಡಿಗಳು ಶುರುವಾಗುವ ಮೊದಲೇ ಅವರು ಕೈಚಾಚಿ ಕಿಟಕಿಯ ಗಾಜನ್ನು ಎಳೆದುಬಿಟ್ಟರು.

"ಇನ್ನೂ ಬಿಸಿಗಾಳಿ ಬಂದಿಲ್ಲವಲ್ಲ?" ಎಂದೆ.

"ಅದಕ್ಕೇ ಹಾಕಿದ್ದು. ಇಷ್ಟಾದ್ರೂ ಒಳಗೇ ಇರ್ಲಿ."

ನೂಲು ಅಲುಗಾಡದೆ ಜೋತುಬಿತ್ತು. ಪಾದರಸ ನಿಧಾನಕ್ಕೆ ಏರತೊಡಗಿತು. ಆಕೆ ಕಣ್ಣು ಮುಚ್ಚಿ ಕೂತಿದ್ದರು. ಕುಮಟಾ ಪೇಟೆಯ ಅಳತೆ ನನಗೆ ಇನ್ನೂ ಬೇಕಿತ್ತು. ಕಿಟಕಿ ಮಾತ್ರ ತೆಗೆಯಲಿಲ್ಲ.